ಸೂತ್ರಕ್ಕಿಂತ ಮೊದಲು ದಿಕ್ಕು



ಪ್ರೀತಿಯ ಮಗಳಿಗೆ,

ನೀನು ಹೈಸ್ಕೂಲು ಮೇಡಂ ಆದೆ ಅಂತ ನಿನ್ನ ದೊಡ್ಡಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ್ದಾಳೆ. ಒಂಬತ್ತನೆಯ ತರಗತಿಗೆ ‘ಚಲನೆ’ ಪಾಠ ಶುರುವಾಗಿದೆ, ಮಕ್ಕಳು ಸ್ಥಾನಪಲ್ಲಟ, ವೇಗಗಳ ವ್ಯಾಖ್ಯೆಯನ್ನು ಪಟಪಟನೆ ಒಪ್ಪಿಸುತ್ತಾರೆ, ಲೆಕ್ಕ ಕೊಟ್ಟರೆ ಮುಖ ಮುಖ ನೋಡುತ್ತಾರೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಕಾಗದ.

ಪುಸ್ತಕದಲ್ಲಿ ಉಷಾ ಎಂಬಾಕೆ 90 ಮೀಟರ್ ಉದ್ದದ ಕೊಳದಲ್ಲಿ ಈಜುವ ಲೆಕ್ಕ ಇದೆ. ಒಂದು ನಿಮಿಷದಲ್ಲಿ ಆ ತುದಿ ಮುಟ್ಟಿ ವಾಪಸು ಬರುತ್ತಾಳೆ, ಒಟ್ಟು 180 ಮೀಟರ್. ಈಜಿದ ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ಜವ ಸೆಕೆಂಡಿಗೆ 3 ಮೀಟರ್, ಸ್ಥಾನಪಲ್ಲಟವನ್ನು ಭಾಗಿಸಿದರೆ ಸರಾಸರಿ ವೇಗ ಸೊನ್ನೆ. ಮಕ್ಕಳು ಸೊನ್ನೆ ಎಂದು ಬರೆಯುತ್ತಾರೆ, ಆದರೆ ನಂಬುವುದಿಲ್ಲ. ಅಷ್ಟು ಈಜಿದವಳ ವೇಗ ಸೊನ್ನೆ ಹೇಗಾದೀತು ಎಂದು ಯಾರಾದರೂ ಕೇಳಿದರೆ ಗದರಿ ಬಾಯಿ ಮುಚ್ಚಿಸಬೇಡ. ಅದು ನ್ಯಾಯವಾದ ಪ್ರಶ್ನೆ. ಸೂತ್ರ ಅವರಿಗೆ ಗೊತ್ತು. ಎಲ್ಲಿಂದ ಅಳೆಯುತ್ತಿದ್ದೇವೆ, ಯಾವ ಕಡೆಯನ್ನು ಪ್ಲಸ್ ಎಂದು ಒಪ್ಪಿಕೊಂಡಿದ್ದೇವೆ ಎಂಬುದು ಗೊತ್ತಿಲ್ಲ. ಅದನ್ನೇ ಮೊದಲು ಕಲಿಸು.

ಬೈಕಿನ ಮೀಟರಿನಲ್ಲಿ ಓಡಿದ ಕಿಲೋಮೀಟರ್ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅದು ದೂರ. ರಸ್ತೆಬದಿಯ ಕಲ್ಲುಗಳ ಲೆಕ್ಕ ಬೇರೆ. ಮೈಸೂರಿನ ಕಡೆ ಹೋಗುವಾಗ ಅವು 40, 39, 38 ಎಂದು ಇಳಿಯುತ್ತವೆ. ಅವು ಮೈಸೂರನ್ನು ಸೊನ್ನೆ ಮಾಡಿಕೊಂಡು ನಾವಿರುವ ಸ್ಥಾನವನ್ನು ಹೇಳುತ್ತವೆ. ಸ್ಥಾನ ಎಷ್ಟು ಬದಲಾಯಿತು, ಯಾವ ಕಡೆಗೆ ಬದಲಾಯಿತು ಎಂಬುದೇ ಸ್ಥಾನಪಲ್ಲಟ.

ಇಷ್ಟು ಹೇಳಿ ಮಕ್ಕಳನ್ನು ವರಾಂಡಕ್ಕೆ ಕರೆದುಕೊಂಡು ಹೋಗು. ಸೀಮೆಸುಣ್ಣದಲ್ಲಿ ಉದ್ದ ಗೆರೆ ಎಳೆದು, ನಡುವೆ ಸೊನ್ನೆ ಬರೆದು, ಬಲಕ್ಕೆ +1, +2, ಎಡಕ್ಕೆ −1, −2 ಎಂದು ಮೀಟರ್ ಗುರುತು ಹಾಕಿಸು. ಒಬ್ಬ ಹುಡುಗ +2ರಲ್ಲಿ ನಿಂತು, +5ಕ್ಕೆ ಹೋಗಿ, ತಿರುಗಿ −1ಕ್ಕೆ ಬರಲಿ. ನಡೆದದ್ದು 3 ಮತ್ತು 6, ಒಟ್ಟು 9 ಮೀಟರ್. ಸ್ಥಾನಪಲ್ಲಟ −3 ಮೀಟರ್. ಇದಕ್ಕೆ 6 ಸೆಕೆಂಡು ಹಿಡಿದರೆ ಸರಾಸರಿ ಜವ ಸೆಕೆಂಡಿಗೆ 1.5 ಮೀಟರ್, ಸರಾಸರಿ ವೇಗ −0.5 ಮೀಟರ್. ಆಮೇಲೆ ಸೊನ್ನೆಯ ಗುರುತನ್ನು ಬೇರೆ ಕಡೆ ಸರಿಸಿ, ಅವನು ಅದೇ ಜಾಗಗಳಲ್ಲಿ ಮತ್ತೆ ನಡೆಯಲಿ. ಸ್ಥಾನದ ಅಂಕಿಗಳೆಲ್ಲ ಬದಲಾಗುತ್ತವೆ, −3 ಮಾತ್ರ ಹಾಗೆಯೇ ಉಳಿಯುತ್ತದೆ. ಇದನ್ನು ನೀನು ಹೇಳಬೇಡ, ಅವರೇ ಕಂಡುಹಿಡಿಯಲಿ.

ಮೈನಸ್ ಅಂದರೆ ನಿಧಾನ ಎಂದುಕೊಳ್ಳುವುದು ಮಾಮೂಲಿ ತಪ್ಪು. ಮೇಲುಗಡೆಯನ್ನು ಪ್ಲಸ್ ಎಂದಿಟ್ಟುಕೊಂಡರೆ, ಕೆಳಗೆ ಬೀಳುವ ಕಲ್ಲಿನ ವೇಗ ಮೈನಸ್. ಆದರೂ ಅದರ ಜವ ಹೆಚ್ಚುತ್ತಲೇ ಹೋಗುತ್ತದೆ. ಈ ಒಂದು ಉದಾಹರಣೆ ಸಾಕು.

ಇನ್ನೊಂದು ತಪ್ಪು ಇದಕ್ಕಿಂತ ಆಳದ್ದು. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಟ್ರೋಬ್ರಿಜ್ ಮತ್ತು ಮೆಕ್‌ಡರ್ಮಟ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉರುಳುವ ಎರಡು ಗೋಲಿಗಳು ಅಕ್ಕಪಕ್ಕ ಬಂದ ಕ್ಷಣದಲ್ಲಿ ಅವುಗಳ ಜವವೂ ಒಂದೇ ಎಂದ ಕಾಲೇಜು ವಿದ್ಯಾರ್ಥಿಗಳಿದ್ದರು. ಸ್ಥಾನ ಒಂದಾದರೆ ವೇಗವೂ ಒಂದು ಎಂಬ ಭ್ರಮೆ. ನಿನ್ನ ವರಾಂಡದಲ್ಲಿ ಒಬ್ಬಳು ಮೆಲ್ಲಗೆ ನಡೆಯಲಿ, ಇನ್ನೊಬ್ಬಳು ಹಿಂದಿನಿಂದ ಬಂದು ದಾಟಲಿ. ಸಮಸಮ ಬಂದಾಗ ಇಬ್ಬರ ವೇಗವೂ ಒಂದೇ ಆಗಿದ್ದರೆ ಅವಳು ದಾಟಿದ್ದು ಹೇಗೆ ಎಂದು ಕೇಳು.

ನಕ್ಷೆಗೆ ಬಂದಾಗ, ಸ್ಥಾನ-ಕಾಲ ನಕ್ಷೆಯ ಅಡ್ಡಗೆರೆಯನ್ನು ಸಮತಟ್ಟಾದ ರಸ್ತೆ ಎಂದುಕೊಳ್ಳುವವರು ಸಿಗುತ್ತಾರೆ. ಬೋರ್ಡಿನ ಮೇಲಿನ ನಕ್ಷೆಯಂತೆ ವರಾಂಡದ ಗೆರೆಯ ಮೇಲೆ ನಡೆದು ತೋರಿಸು ಎನ್ನು. ಅಡ್ಡಗೆರೆ ಬಂದಾಗ ನಿಂತರೆ, ಇಳಿಯುವ ಗೆರೆ ಬಂದಾಗ ವಾಪಸು ನಡೆದರೆ, ಆ ಮಗುವಿಗೆ ಪಾಠ ತಿಳಿಯಿತು.

ಮನೆಗೆಲಸಕ್ಕೆ ಉಸೇನ್ ಬೋಲ್ಟ್‌ನ ಓಟ ಕೊಡು. 2009ರಲ್ಲಿ ಬರ್ಲಿನ್‌ನಲ್ಲಿ ಅವನು 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ. ಸರಾಸರಿ ವೇಗ ಸೆಕೆಂಡಿಗೆ ಸುಮಾರು 10.4 ಮೀಟರ್. ಆದರೆ ಪ್ರತಿ 20 ಮೀಟರಿಗೆ ಅವನಿಗೆ ಬೇಕಾದ ಸಮಯ 2.89, 1.75, 1.67, 1.61, 1.66 ಸೆಕೆಂಡು. ಮಕ್ಕಳು ಭಾಗಿಸಿ ನೋಡಲಿ. ಮೊದಲ ತುಂಡಿನಲ್ಲಿ ಸುಮಾರು 6.9, ನಾಲ್ಕನೆಯದರಲ್ಲಿ 12.4, ಕೊನೆಯದರಲ್ಲಿ ತುಸು ಇಳಿದು 12. ಸರಾಸರಿಯೊಳಗೆ ಎಷ್ಟು ಅಡಗಿರುತ್ತದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ, ಮುಂದಿನ ವೇಗೋತ್ಕರ್ಷದ ಪಾಠಕ್ಕೂ ದಾರಿಯಾಗುತ್ತದೆ.

ಪಾಠ ನಾಲ್ಕು ದಿನ ಹಿಂದೆ ಬಿದ್ದರೂ ಹೆದರಬೇಡ ಮಗೂ. ಚಲನೆಯ ಸಮೀಕರಣಗಳು, ಪಿಯುಸಿಯ ಸದಿಶಗಳು ಎಲ್ಲ ನಿಂತಿರುವುದು ಈ ಪ್ಲಸ್-ಮೈನಸ್‌ಗಳ ಮೇಲೆಯೇ. ಇಲ್ಲಿ ಉಳಿಸಿದ ದಿನಗಳನ್ನು ಮುಂದೆ ಬಡ್ಡಿ ಸಮೇತ ತೆರಬೇಕಾಗುತ್ತದೆ. ದಸರಾ ರಜೆಗೆ ಬರುವಾಗ ಮಕ್ಕಳ ನೋಟ್‌ಬುಕ್ಕುಗಳನ್ನು ತಾ. ತಪ್ಪು ಉತ್ತರಗಳನ್ನೇ ಮೊದಲು ಓದೋಣ.

ಇಂತಿ,
ನಿನ್ನ ದೊಡ್ಡಪ್ಪ