ಮನೆಯ ಛಾವಣಿಗೆ ಅಡ್ಡಕಟ್ಟಿನ ಬಲ

ಬಾಗಲಕೋಟೆ, ಬಾದಾಮಿ, ಹುನಗುಂದ ಭಾಗದ ಅನೇಕ ಹಳೆಯ ಮನೆಗಳ ಮೇಲೆ ಮಣ್ಣಿನ ಮಾಳಿಗೆಯಿದೆ. ತೊಲೆ, ಜಂತಿಗಳ ಮೇಲೆ ಹರಡಿದ ಒಂದಡಿ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ 400 ಕಿಲೋಗ್ರಾಂಗೂ ಮಿಕ್ಕಿ ತೂಗುತ್ತದೆ. ಈ ಭಾರ ನೇರವಾಗಿ ಕೆಳಗಿಳಿಯುವುದರಿಂದ ಗೋಡೆಗಳನ್ನು ಹೊರಕ್ಕೆ ತಳ್ಳುವುದಿಲ್ಲ; ಗಾಳಿಗೆ ಮೇಲೇಳುವುದೂ ಇಲ್ಲ. ಸೋರಿಕೆಗೆ ಬೇಸತ್ತು ಮಾಳಿಗೆ ತೆಗೆದು, ಇಳಿಜಾರಾಗಿ ಹಂಚು ಅಥವಾ ತಗಡು ಹೊದಿಸಿದಾಗ ಎರಡು ಹೊಸ ಬಲಗಳು ಮನೆಯನ್ನು ಕಾಡುತ್ತವೆ.

ಮೊದಲನೆಯದು ಹೊರದೂಡುವ ಬಲ. ನೆತ್ತಿಯಲ್ಲಿ ಕೂಡುವ ಇಳಿಜಾರು ತೊಲೆಗಳ ಬುಡ ಹೊರಕ್ಕೆ ಜಾರಲು ಹವಣಿಸುತ್ತದೆ. ಗೋಡೆಗಳ ಅಂತರ 5 ಮೀಟರ್, ನೆತ್ತಿಯ ಎತ್ತರ 1.25 ಮೀಟರ್ ಇದ್ದು, ಒಂದು ಜೋಡಿ ತೊಲೆಗಳ ಮೇಲೆ 400 ಕಿಲೋಗ್ರಾಂ ಭಾರ ಸಮನಾಗಿ ಹರಡಿದ್ದರೆ, ಪ್ರತಿ ಗೋಡೆಯ ಮೇಲೆ ಸುಮಾರು 200 ಕಿಲೋಗ್ರಾಂ ತಳ್ಳು ಬೀಳುತ್ತದೆ. ಎರಡೂ ಬುಡಗಳನ್ನು ಜೋಡಿಸುವ ಅಡ್ಡಕಟ್ಟು, ಅಂದರೆ ‘ಟೈ’, ಈ ತಳ್ಳನ್ನು ಜಮೆ–ಖರ್ಚು ಸರಿದೂಗಿದಂತೆ ತನ್ನಲ್ಲೇ ತೀರಿಸುತ್ತದೆ. ಅದನ್ನೇ ನೆತ್ತಿಯ ಅರ್ಧ ಎತ್ತರಕ್ಕೇರಿಸಿದರೆ ಅದರ ಮೇಲಿನ ಎಳೆತ ಇಮ್ಮಡಿಯಾಗಿ, ತೊಲೆಗಳೂ ಬಾಗುತ್ತವೆ. ಆದುದರಿಂದ ಅಟ್ಟಕ್ಕೆ ಜಾಗ ಬೇಕೆಂದು ಕೆಳಗಿನ ಅಡ್ಡಕಟ್ಟನ್ನು ಕತ್ತರಿಸುವುದು ಅಪಾಯಕರ.

ಎರಡನೆಯದು ಗಾಳಿಯ ಎತ್ತುವಿಕೆ. ಗಂಟೆಗೆ 108 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 55 ಕಿಲೋಗ್ರಾಂ. ಅರ್ಧ ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡಿನ ತೂಕ ಸುಮಾರು 5 ಕಿಲೋಗ್ರಾಂ ಮಾತ್ರ. ನೆತ್ತಿಯ ಸಮೀಪದ ಮೇಲಿನ ಅಡ್ಡಕಟ್ಟು ತೊಲೆಗಳು ಬೇರ್ಪಡದಂತೆ ಹಿಡಿಯುತ್ತದೆ. ಆದರೆ ಅದು ಕೆಳಗಿನದಕ್ಕೆ ಬದಲಿಯಲ್ಲ. ತಗಡು ಪಟ್ಟಿಗೆ, ಪಟ್ಟಿ ತೊಲೆಗೆ, ತೊಲೆ ಗೋಡೆಗೆ ಬೋಲ್ಟು ಅಥವಾ ಉಕ್ಕಿನ ಪಟ್ಟಿಯಿಂದ ಬಿಗಿದಿರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲಾದರೂ ಉಳಿದವು ನಿರರ್ಥಕ.

ಇಳಕಲ್ಲಿನ ನೇಕಾರ ಕುಟುಂಬಗಳಿಗೆ ಮನೆಯೇ ಕಾರ್ಖಾನೆ. ಛಾವಣಿ ಹಾರಿದರೆ ಮಗ್ಗದ ಮೇಲಿನ ಹಾಸು ನೆನೆಯುತ್ತದೆ, ದುಡಿಮೆ ನಿಲ್ಲುತ್ತದೆ, ಒಪ್ಪಿದ ಮಾಲು ತಡವಾಗುತ್ತದೆ. 5 ಕೋಟಿ ರೂಪಾಯಿವರೆಗಿನ ಉದ್ಯಮ ಆಸ್ತಿಗಳಿಗಾಗಿ 2021ರ ಏಪ್ರಿಲ್ 1ರಂದು ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ವಿಮೆಯಲ್ಲಿ ಬಿರುಗಾಳಿಯ ಹಾನಿಯೂ ಸೇರಿದೆ. ಆದರೆ ಕಟ್ಟಡ, ಯಂತ್ರ, ದಾಸ್ತಾನುಗಳ ಮೌಲ್ಯವನ್ನು ಸರಿಯಾಗಿ ನಮೂದಿಸದಿದ್ದರೆ ಪರಿಹಾರ ಕಡಿಮೆಯಾಗಬಹುದು. ಕೈತಪ್ಪಿದ ಗಿರಾಕಿಯನ್ನಂತೂ ಯಾವ ವಿಮೆಯೂ ಮರಳಿ ತಾರದು.

ಮಳೆಗಾಲಕ್ಕೆ ಮುನ್ನ ಅಡ್ಡಕಟ್ಟು, ಬೋಲ್ಟು ಹಾಗೂ ಗೋಡೆಯ ಬಿರುಕುಗಳನ್ನು ಅನುಭವಿ ಇಂಜಿನಿಯರರಿಂದ ಪರೀಕ್ಷಿಸಿಕೊಳ್ಳುವುದು ಸೂಕ್ತ. ಇದಕ್ಕೆ ತಗಲುವ ವೆಚ್ಚ ಹೊಸ ಛಾವಣಿಯ ಖರ್ಚಿನ ಮುಂದೆ ಅಲ್ಪವೇ ಸರಿ.