ಗೋಕಾಕದ ಘೇಂಡಾಮೃಗ

ಮಕ್ಕಳೇ, ನಮ್ಮ ಕರ್ನಾಟಕದಲ್ಲಿ ಹಿಂದೆ ಘೇಂಡಾಮೃಗ ಓಡಾಡುತ್ತಿತ್ತು ಎಂದರೆ ನಂಬುವಿರಾ? ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಸಿಕ್ಕ ಅದರ ಪಳೆಯುಳಿಕೆಯನ್ನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1874ರಲ್ಲಿ ವಿವರಿಸಿದರು. ಇಂಗ್ಲೆಂಡಿನಲ್ಲಿ 1834ರಲ್ಲಿ ಹುಟ್ಟಿದ ಅವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧ ಸಿಕ್ಕಿದ್ದೂ ಇವರಿಗೇ!

ಪುತ್ತೂರು, ಸುಳ್ಯ, ಕಡಬದ ಮುರಕಲ್ಲಿನ ಕೋರೆಯಲ್ಲಿ ಅಂಥ ಎಲುಬು ಸಿಕ್ಕೀತೇ? ಕಷ್ಟ. ಎಲುಬು ಉಳಿಯಬೇಕಾದರೆ ಕೆಸರೋ ಮರಳೋ ಅದನ್ನು ಬೇಗ ಮುಚ್ಚಬೇಕು. ಮುರಕಲ್ಲು ಹಾಗೆ ಆದುದಲ್ಲ. ಮಳೆನೀರು ಬಹುಕಾಲ ಹಳೆಯ ಬಂಡೆಯನ್ನು ಶಿಥಿಲಗೊಳಿಸಿ, ಸಿಲಿಕಾವನ್ನು ತೊಳೆದೊಯ್ದಾಗ ಕಬ್ಬಿಣ, ಅಲ್ಯೂಮಿನಿಯಂ ಅಂಶಗಳು ಉಳಿದು ಆದುದು. ಕೆಂಪು ಬಣ್ಣ ಕಬ್ಬಿಣದ್ದೇ. ನೋಡಲು ಕೋರೆಗೆ ಇಳಿಯಬೇಡಿ, ಮಳೆಗಾಲದಲ್ಲಂತೂ ಅಪಾಯ. ಮುರಕಲ್ಲಿನ ಯಾವ ಗೋಡೆಯಲ್ಲಾದರೂ ಆ ತೂತುಗಳನ್ನು ಕಾಣಬಹುದು.