ಖಾಲಿ ಗಾಡಿ ಕಟ್ಟುವ ಗಾಳಿಯ ಸುಂಕ

ಸರಕು ವಾಹನದ ದುಡಿಮೆಯನ್ನು ನಂಬಿದ ಮನೆಗಳ ಖರ್ಚಿನ ಪುಸ್ತಕದಲ್ಲಿ ಡೀಸೆಲ್, ಟೈರು, ವಿಮೆ, ಎಫ್‌ಸಿ, ಟೋಲ್, ಚಾಲಕನ ಭತ್ಯೆ ಎಂಬ ಬಾಬತ್ತುಗಳು ಕಾಣುತ್ತವೆಯೇ ಹೊರತು ಗಾಳಿ ಎಂಬ ಬಾಬತ್ತು ಎಲ್ಲಿಯೂ ಕಾಣುವುದಿಲ್ಲ; ಆದರೆ ಹೆದ್ದಾರಿಯಲ್ಲಿ ಓಡುವ ಖಾಲಿ ಪಿಕಪ್ ಎಳೆಯುವ ಹೊರೆಯಲ್ಲಿ ದೊಡ್ಡ ಪಾಲು ಗಾಳಿಯದೇ ಆಗಿರುತ್ತದೆ. ಮುಂದೆ ಸಾಗುವ ವಾಹನ ತನ್ನ ದಾರಿಯಲ್ಲಿರುವ ಗಾಳಿಯನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ, ಹಿಂದೆ ಉಳಿಯುವ ತೆರವಿನಲ್ಲಿ ಗಾಳಿ ಸುಳಿಸುಳಿಯಾಗಿ ಒತ್ತಡ ಕುಸಿದು ವಾಹನವನ್ನು ಹಿಂದಕ್ಕೆ ಜಗ್ಗುತ್ತದೆ. ಇವೆರಡೂ ಸೇರಿದ ತಡೆಯನ್ನು ಗಾಳಿಯ ಎಳೆತ ಎನ್ನುತ್ತಾರೆ. ಈ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ.

ಬೊಲೆರೊ ಪಿಕಪ್ ಮಾದರಿಯ ವಾಹನದ ಎದುರು ಮೈ ಸುಮಾರು ಮೂರು ಚದರ ಮೀಟರ್ ಎಂದೂ, ಆಕಾರದ ಒಡ್ಡುತನವನ್ನು ಸೂಚಿಸುವ ಎಳೆತದ ಗುಣಾಂಕ 0.5 ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿ ಸುಮಾರು 40 ಕಿಲೋ ತೂಕದಷ್ಟು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. 60ರಲ್ಲಿ ಅದು 23 ಕಿಲೋಗೆ ಇಳಿಯುತ್ತದೆ, 30ರಲ್ಲಿ ಆರು ಕಿಲೋ ಕೂಡ ಮುಟ್ಟುವುದಿಲ್ಲ. ಟೈರು ಉರುಳುವಾಗ ಹುಟ್ಟುವ ತಡೆ ವೇಗಕ್ಕಿಂತ ತೂಕವನ್ನೇ ಹೆಚ್ಚಾಗಿ ಅನುಸರಿಸುವುದರಿಂದ, ಖಾಲಿ ಗಾಡಿಗೆ ಅದು ಎಲ್ಲ ವೇಗಗಳಲ್ಲೂ ಹೆಚ್ಚುಕಡಿಮೆ 20 ಕಿಲೋ, ತುಂಬಿದ ಗಾಡಿಗೆ 35 ಕಿಲೋ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದ್ದು ಇಲ್ಲಿನ ಗಾಳಿ ಕರಾವಳಿಯದಕ್ಕಿಂತ ಶೇ 10ರಷ್ಟು ತೆಳುವಾಗಿರುವುದರಿಂದ ಮಂಗಳೂರಿನ ಗಾಡಿಗಳಿಗಿಂತ ಇಲ್ಲಿನವುಗಳಿಗೆ ಅಷ್ಟರಮಟ್ಟಿಗೆ ರಿಯಾಯಿತಿ ಸಿಕ್ಕೇ ಇದೆ, ಮೇಲಿನ ಲೆಕ್ಕ ಅದನ್ನು ಕಳೆದೇ ಹೇಳಿದ್ದು.

ಈ ಅಂಕಿಗಳನ್ನು ದಕ್ಷಿಣ ಬೆಂಗಳೂರಿನ ರಸ್ತೆಗೆ ಹಚ್ಚಿದಾಗ ಅರ್ಧದಷ್ಟು ಉತ್ತರ ತಾನಾಗಿಯೇ ಸಿಗುತ್ತದೆ. ಸಾರಕ್ಕಿ ಮಾರುಕಟ್ಟೆಯಿಂದ ಜಯನಗರ ನಾಲ್ಕನೇ ಬ್ಲಾಕಿಗೆ ತರಕಾರಿ ಸಾಗಿಸುವ, ಅಥವಾ ಬಿಟಿಎಂ ಬಡಾವಣೆಯಿಂದ ಸಿಲ್ಕ್ ಬೋರ್ಡ್ ಕಡೆಗೆ ಉರುಳುತ್ತ ನಿಲ್ಲುತ್ತ ಸಾಗುವ ಟಾಟಾ ಏಸ್‌ಗೆ ಗಾಳಿ ಒಂದು ವಿಷಯವೇ ಅಲ್ಲ. ಅದರ ಡೀಸೆಲ್ ಸೋರುವುದು ಬ್ರೇಕಿನಲ್ಲಿ ಮತ್ತು ಸಿಗ್ನಲ್‌ಗಳಲ್ಲಿ ಸುಮ್ಮನೆ ಗುರುಗುಟ್ಟುವ ಎಂಜಿನ್ನಿನಲ್ಲಿ. ಅಂತಹ ವಾಹನದ ಮಾಲೀಕ ಗಾಳಿಯ ಹೆಸರಿನಲ್ಲಿ ಮಾರುವ ಯಾವ ಉಪಕರಣವನ್ನೂ ಕೊಳ್ಳಬೇಕಾಗಿಲ್ಲ. ಲೆಕ್ಕ ಬದಲಾಗುವುದು ಗಾಡಿ ನೈಸ್ ರಸ್ತೆ ಹತ್ತಿ ವೇಗ ಹಿಡಿದ ಮೇಲೆ.

ಪ್ರಸ್ತುತ ಅಂಕಣಕಾರನ ಕುಟುಂಬ ಬನಶಂಕರಿಯಲ್ಲಿ ನಡೆಸುವ ಎಳನೀರಿನ ವ್ಯಾಪಾರಕ್ಕಾಗಿ ವಾರಕ್ಕೆ ಮೂರು ಬಾರಿ ಮದ್ದೂರಿನ ಎಳನೀರು ಮಾರುಕಟ್ಟೆಗೆ ಪಿಕಪ್ ಕಳುಹಿಸುತ್ತದೆ. ಕನಕಪುರ ರಸ್ತೆಯ ಬಳಿ ನೈಸ್ ರಸ್ತೆ ಸೇರಿ, ಮೈಸೂರು ರಸ್ತೆಗೆ ಇಳಿದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥದಲ್ಲಿ ಸಾಗುವ ಈ ಹಾದಿ ಒಂದು ಕಡೆಗೆ ಸುಮಾರು 80 ಕಿ.ಮೀ.; ಹೋಗುವಾಗ ಗಾಡಿ ಖಾಲಿ, ಬರುವಾಗ ಕಂಠಮಟ್ಟ ತುಂಬಿರುತ್ತದೆ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಬೆಂಗಳೂರಿನಲ್ಲಿ ಲೀಟರ್ ಡೀಸೆಲ್ 91 ರೂಪಾಯಿ ದಾಟಿದ ಮೇಲೆ, ಉಳಿತಾಯದ ದಾರಿ ಹುಡುಕಿ ಅಂಕಣಕಾರ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕ್ಯಾಬಿನ್ ತಲೆಯ ಮೇಲೆ ಕೂರಿಸುವ ಫೈಬರ್ ಫಲಕವೊಂದನ್ನು 6,500 ರೂಪಾಯಿ ತೆತ್ತು ಕೊಂಡದ್ದುಂಟು. ಲಾರಿಗಳ ಮೇಲೆ ಕಾಣುವ ಇಂತಹ ಫಲಕ ಕ್ಯಾಬಿನ್ನಿಗಿಂತ ಎತ್ತರದ ಪೆಟ್ಟಿಗೆ ಹಿಂದೆ ಇದ್ದಾಗ ಗಾಳಿಯನ್ನು ಅದರ ಮೇಲಕ್ಕೆ ಹಾಯಿಸಿ ಎಳೆತ ತಗ್ಗಿಸುತ್ತದೆ; ಹಿಂದೆ ಬರೀ ಖಾಲಿ ತೊಟ್ಟಿ ಇದ್ದರೆ ಅದೇ ಫಲಕ ಗಾಳಿಗೆ ಒಡ್ಡಿದ ಇನ್ನೊಂದು ಎದೆಯಾಗುತ್ತದೆ. ಅಂಗಡಿಯವರು ಇದನ್ನು ಹೇಳಲಿಲ್ಲ, ಕೊಂಡವನೂ ಕೇಳಲಿಲ್ಲ. ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದೂ ನೆನಪಾದದ್ದು ಆಮೇಲೆಯೇ.

ತೊಟ್ಟಿಯ ಹಿಂಬದಿಯ ಡೋರ್ ಬಗ್ಗೆ ಚಾಲಕರಲ್ಲಿ ಬೇರೂರಿರುವ ನಂಬಿಕೆಯೂ ಇದೇ ಜಾತಿಯದು. ಖಾಲಿ ಓಡುವಾಗ ಅದನ್ನು ಇಳಿಬಿಟ್ಟರೆ ಗಾಳಿ ಸಲೀಸಾಗಿ ಹಾದುಹೋಗುತ್ತದೆಂದು ಭಾವಿಸುವುದು ಸಹಜವಾದರೂ, ಡೋರ್ ಮುಚ್ಚಿದಾಗ ತೊಟ್ಟಿಯೊಳಗೆ ಗಾಳಿಯ ಸುಳಿಯೊಂದು ದಿಂಬಿನಂತೆ ನೆಲೆನಿಂತು, ಕ್ಯಾಬಿನ್ ದಾಟಿ ಬರುವ ಗಾಳಿ ಅದರ ಮೇಲೆಯೇ ಜಾರಿ ಹೋಗುತ್ತದೆ. ಡೋರ್ ಇಳಿಸಿದರೆ ಆ ದಿಂಬೇ ಚದುರುತ್ತದೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಕೆವಿನ್ ಕೂಪರ್ ಗಾಳಿ ಸುರಂಗದಲ್ಲಿ ಪಿಕಪ್‌ಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯೇ ಡೋರ್ ಮುಚ್ಚಿಡಿ ಎಂದು ಹೇಳುವಂತಿತ್ತು. ತೊಟ್ಟಿಯ ಮೇಲೆ ಟಾರ್ಪಾಲನ್ನು ತಮಟೆಯಂತೆ ಬಿಗಿದರೆ ಇನ್ನೂ ಸ್ವಲ್ಪ ಲಾಭವಿದೆ, ಆದರೆ ಪಟಪಟ ಬಡಿಯುವ ಸಡಿಲ ಟಾರ್ಪಾಲು ಇದ್ದ ಲಾಭವನ್ನೂ ತಿನ್ನುತ್ತದೆ.

ಫಲಕಕ್ಕಿಂತ ದೊಡ್ಡ ಸೋರಿಕೆ ಕ್ಯಾಬಿನ್ ಮೇಲಿನ ಪೈಪಿನ ಕ್ಯಾರಿಯರ್‌ನಲ್ಲಿತ್ತು. ದುಂಡನೆಯ ಪೈಪು ನೋಡಲು ನಯವಾಗಿದ್ದರೂ ಅದರ ಬೆನ್ನ ಹಿಂದೆ ಗಾಳಿ ಮತ್ತೆ ಕೂಡಿಕೊಳ್ಳಲಾರದೆ ಒಡೆದು ಸುಳಿಯಾಗುತ್ತದೆ; ಮೀನಿನ ಆಕಾರದ, ಅದಕ್ಕಿಂತ ಹತ್ತು ಪಟ್ಟು ದಪ್ಪನೆಯ ವಿಮಾನದ ರೆಕ್ಕೆಯೊಂದು ಹುಟ್ಟಿಸುವಷ್ಟೇ ಎಳೆತವನ್ನು ಒಂದು ತೆಳು ಪೈಪು ಹುಟ್ಟಿಸಬಲ್ಲದು. ಗಾಳಿಗೆ ಅಡ್ಡಲಾಗಿ ನಿಂತ ಮೂರು ಪೈಪುಗಳು ಸೇರಿ ಗಾಡಿಯ ಒಟ್ಟು ಎಳೆತಕ್ಕೆ ಶೇ 8ರಷ್ಟು ಕೂಡಿಸುತ್ತಿದ್ದವೆಂದು ಲೆಕ್ಕ ಹೇಳುತ್ತದೆ. 80ರ ವೇಗದಲ್ಲಿ 80 ಕಿ.ಮೀ. ಸಾಗಲು ಗಾಳಿಯೊಂದಕ್ಕೇ ಸುಮಾರು ಮೂರು ಲೀಟರ್ ಡೀಸೆಲ್ ಬೇಕಾಗುವುದರಿಂದ, ಒಂದು ಕಡೆಗೆ 20 ರೂಪಾಯಿಗೂ ಹೆಚ್ಚು, ವರ್ಷಕ್ಕೆ ಆರು ಸಾವಿರಕ್ಕೂ ಮಿಗಿಲಾಗಿ, ಬಳಕೆಯಲ್ಲೇ ಇಲ್ಲದ ಆ ಪೈಪುಗಳಿಗೆ ಸಲ್ಲುತ್ತಿತ್ತು.

ಆದರೆ ಎಲ್ಲಕ್ಕಿಂತ ದೊಡ್ಡ ಮೊತ್ತ ಆಕ್ಸಿಲರೇಟರಿನ ಕೆಳಗಿತ್ತು. ಖಾಲಿ ಹೋಗುವಾಗ ವೇಗವನ್ನು 80ರಿಂದ 70ಕ್ಕೆ ಇಳಿಸಿದರೆ ಸುಮಾರು 0.7 ಲೀಟರ್ ಉಳಿದು ಒಂಬತ್ತು ನಿಮಿಷ ತಡವಾಗುತ್ತದೆ, 60ಕ್ಕೆ ಇಳಿಸಿದರೆ 1.3 ಲೀಟರ್ ಉಳಿದು ಇಪ್ಪತ್ತು ನಿಮಿಷ ತಡವಾಗುತ್ತದೆ. ಮೊದಲಿನದರಲ್ಲಿ ಪ್ರತಿ ನಿಮಿಷಕ್ಕೆ ಏಳು ರೂಪಾಯಿ, ಎರಡನೆಯದರಲ್ಲಿ ಆರು ರೂಪಾಯಿ. ಯಾವ ಚಾಲಕನ ದಿನಗೂಲಿಯನ್ನು ನಿಮಿಷಕ್ಕೆ ಹಂಚಿದರೂ ಇಷ್ಟಾಗುವುದಿಲ್ಲ. ಈ ಉಳಿತಾಯವನ್ನು ಅಳೆಯುವಾಗ ಹೋಗುವ ಮತ್ತು ಬರುವ ಮೈಲೇಜನ್ನು ಹೋಲಿಸುವ ತಪ್ಪನ್ನು ಅಂಕಣಕಾರ ಒಂದು ತಿಂಗಳು ಮಾಡಿದ್ದ: ಮದ್ದೂರು ಬೆಂಗಳೂರಿಗಿಂತ ಇನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿದ್ದು, ಮೂರು ಟನ್ ಭಾರವನ್ನು ಆ ಏರು ಹತ್ತಿಸುವುದಕ್ಕೇ ಅರ್ಧ ಲೀಟರಿಗೂ ಹೆಚ್ಚು ಡೀಸೆಲ್ ಹೋಗುತ್ತದೆ, ಅದಕ್ಕೂ ಗಾಳಿಗೂ ಸಂಬಂಧವಿಲ್ಲ. ಒಂದೇ ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಹೋಗಿ ಬಂದು, ಮತ್ತೆ ಅಲ್ಲಿಯೇ ತುಂಬಿಸಿ ಇಡೀ ಸುತ್ತನ್ನು ಲೆಕ್ಕ ಹಾಕಿದಾಗಲೇ ಅಂಕಿ ನಂಬಲರ್ಹವಾಗುತ್ತದೆ.

ಉಳಿದ ತೊಡಕು ಭೌತಶಾಸ್ತ್ರದ್ದಲ್ಲ. ಡೀಸೆಲ್ ಹಣ ಕೊಡುವವನು ಮಾಲೀಕ, ಬೇಗ ಮನೆ ಸೇರಬೇಕಾದವನು ಚಾಲಕ. ಒಬ್ಬನ ಜೇಬು ಇನ್ನೊಬ್ಬನ ಕಾಲಡಿಯಲ್ಲಿರುವಾಗ 'ನಿಧಾನ ಹೋಗಪ್ಪ' ಎಂಬ ಮಾತು ನೈಸ್ ರಸ್ತೆಯ ಟೋಲ್ ಗೇಟ್ ದಾಟುವವರೆಗೆ ಮಾತ್ರ ಬಾಳುತ್ತದೆ. ಎರಡು ತಿಂಗಳ ಸರಾಸರಿಗಿಂತ ಉಳಿದ ಪ್ರತಿ ಲೀಟರಿನ ಅರ್ಧ ಬೆಲೆ ಚಾಲಕನಿಗೇ ಎಂದು ಒಪ್ಪಂದವಾದ ಮೇಲೆ ಖಾಲಿ ಗಾಡಿ ತಾನಾಗಿಯೇ 65ರ ಆಸುಪಾಸಿಗೆ ಇಳಿಯಿತು. ಕ್ಯಾರಿಯರ್ ಬಿಚ್ಚಿದ್ದೂ ಆ ಬಳಿಕವೇ: ಒಂದು ಭಾನುವಾರ ಬೆಳಿಗ್ಗೆ ಚಾಲಕನೇ ಹದಿಮೂರನೇ ನಂಬರಿನ ಸ್ಪ್ಯಾನರ್ ಕೇಳಿ ಪಡೆದು, ತುಕ್ಕು ಹಿಡಿದ ನಟ್ಟುಗಳಿಗೆ ಸೀಮೆಎಣ್ಣೆ ಹನಿಸಿ, ಪೈಪುಗಳನ್ನು ಕಾಂಪೌಂಡಿಗೆ ಒರಗಿಸಿಟ್ಟ.